ಲಂಡನ್ನಿನಿಂದ ಬಂದ ಲಕೋಟೆ

ಅಕ್ರಾದ ಗವರ್ನರ್ ಕಚೇರಿಯಲ್ಲಿ ಲಂಡನ್ನಿಗೆ ಹೋಗುವ ಕಾಗದಗಳಿಗೆ ಅರಗಿನ ಮುದ್ರೆ ಒತ್ತುವುದು ನನ್ನ ಕೆಲಸ. ನನ್ನ ಅಣ್ಣ ಎಬೊನ ಗಲ್ಲುಶಿಕ್ಷೆ ಮನ್ನಿಸಬೇಕೆಂದು ಗವರ್ನರರು ಬರೆದ ಕಾಗದಕ್ಕೂ ನಾನೇ ಒತ್ತಿದೆ. ಮೇಲೆ 'ತುರ್ತು' ಎಂದಿರಲಿಲ್ಲ. ಗವರ್ನರರನ್ನು ಕೇಳಲು ಹೆದರಿ, 'ತುರ್ತು' ಇಲ್ಲದ್ದು ಹಡಗಿನಲ್ಲೇ ಹೋಗಬೇಕೆಂಬ ನಿಯಮದಂತೆ ತಂತಿಗೆ ಕೊಡದೆ ಹಡಗಿನ ಚೀಲಕ್ಕೆ ಹಾಕಿದೆ.

ಉತ್ತರಕ್ಕೆ ಕಾಯಲು ಇಟ್ಟಿದ್ದ ಗಡುವು ಮುಗಿದು ಎಬೊನನ್ನು ಗಲ್ಲಿಗೇರಿಸಿದ ಒಂಬತ್ತನೆಯ ದಿನ ಕ್ಷಮಾದಾನ ಬಂತು. ಅದು ಬಂದದ್ದನ್ನು ಅವ್ವನಿಗೆ ಹೇಳಲಿಲ್ಲ.

ಅಂದಿನಿಂದ ಲಂಡನ್ನಿನಿಂದ ಬರುವ ಪ್ರತಿ ಹಡಗಿನ ಚೀಲದಲ್ಲೂ ಕ್ಷಮಾದಾನದ ಅದೇ ಸಂಖ್ಯೆಯ ಅದೇ ಲಕೋಟೆ ಇರುತ್ತದೆ. ಉಳಿದ ಕಾಗದಗಳು ತಣ್ಣಗಿರುತ್ತವೆ. ಅದು ಮಾತ್ರ ಬೆಚ್ಚಗಿರುತ್ತದೆ.

ಮೊನ್ನೆ ಒಂದನ್ನು ಮನೆಗೆ ತಂದೆ. ಓದಲು ಬಾರದ ಅವ್ವ ಅದನ್ನು ಕೆನ್ನೆಗೆ ಒತ್ತಿಕೊಂಡಳು.

"ಸಾಹೇಬ್ರ ಕಾಗ್ದ ಅಂತೀಯಲ್ಲೋ ಸುಳ್ಳ! ಇದು ನನ್ ಎಬೊ ಅಂಗೈ ಕಣೋ."

ಮೂರು ದಿನವಾಯಿತು. ಅವಳು ಅದನ್ನು ಕೆಳಗಿಟ್ಟಿಲ್ಲ. ಅದು ಇನ್ನೂ ಆರಿಲ್ಲ.