ಮಡಚಬೇಕಿದ್ದ ತಗಡು

ತಗಡು ಮಡಚುವ ಪ್ರೆಸ್ಸಿನ ಅಚ್ಚು ಇಳಿಯಿತು. ಫಟ್ಟೆಂದು ಸದ್ದಾಯಿತು. ಮೆಗ್ನೀಸಿಯಂ ತಗಡು ಅಂಚಿನಿಂದ ಅಂಚಿಗೆ ಸೀಳಿತ್ತು.

ಕೊಳ್ಳಲು ಬಂದಿದ್ದ ಸೂಟುಧಾರಿಗಳು ಮುಖ ಮುಖ ನೋಡಿಕೊಂಡರು. ತಗಡನ್ನು ರೂಪಿಸಿದ ಎಂಜಿನಿಯರ್ ಹೆಂಗಸು ಚೂರನ್ನು ಎತ್ತಿ ನೋಡಿದಳು.

"ಇದು ನನ್ನ ತಗಡಲ್ಲ. ಯಾರೋ ಬದಲಾಯಿಸಿದ್ದಾರೆ. ಪೊಲೀಸರನ್ನ ಕರೀರಿ."

ಯಾರೋ ಕಿಸಕ್ಕನೆ ನಕ್ಕರು.

*

ಇನ್ಸ್‌ಪೆಕ್ಟರನಿಗೆ ಮ್ಯಾನೇಜರುಗಳೆಂದರೆ ತಾತ್ಸಾರ. ಈ ಕಾರ್ಖಾನೆಯ ಮ್ಯಾನೇಜರ್ ಅಂತೂ ಕುರ್ಚಿ ತೋರಿಸುವ ಮೊದಲೇ ತನ್ನ ಪದವಿಗಳನ್ನೆಲ್ಲ ಒದರಿ ಮುಗಿಸಿದ್ದ.

"ಅವಳು ನನ್ನ ನಾದಿನಿ ಸಾರ್, ಹೆಂಡತಿ ತಂಗಿ. ಕೆಲಸ ಕೊಡಿಸಿದ್ದೂ ನಾನೇ. ಪಾಪ, ಸೋಲು ಒಪ್ಕೊಳ್ಳೋಕೆ ಆಗ್ತಿಲ್ಲ. ಇವತ್ತೇ ಕೆಲಸದಿಂದ ತೆಗೀಬೇಕಾಗುತ್ತೆ."

"ಎಂಥಾ ಕರುಣೆ ಸ್ವಾಮಿ ನಿಮ್ಮದು!"

ಮ್ಯಾನೇಜರ್‌ಗೆ ವ್ಯಂಗ್ಯ ತಟ್ಟಲಿಲ್ಲ. "ಪ್ರೆಸ್ ನಡೆಸೋನನ್ನ ವಿಚಾರಿಸಿ. ಭಾನುವಾರ ಕದ್ದು ಒಳಗೆ ಬಂದಿದ್ದ."

ಪ್ರೆಸ್ಸಿನ ದಢೂತಿ ಆಳು ತಡಬಡಾಯಿಸಿದ. ಬಂದಿದ್ದು ನಿಜ, ಸ್ಕೂಟರಿನ ಮಡ್‌ಗಾರ್ಡನ್ನು ಪುಕ್ಕಟೆ ಸರಿಮಾಡಿಕೊಳ್ಳಲು. ಸ್ಕೂಟರ್ ಹೊರಗೇ ನಿಂತಿತ್ತು. ಮಡ್‌ಗಾರ್ಡ್ ಈಗ ಇನ್ನಷ್ಟು ಸೊಟ್ಟಗಾಗಿತ್ತು. ಇಷ್ಟನ್ನೂ ನೆಟ್ಟಗೆ ಮಾಡಲಾರದವನು ಸಂಚು ಹೂಡುವುದುಂಟೇ!

"ಇವತ್ತೇನಾದ್ರೂ ಬೇರೆ ಥರ ಮಾಡಿದ್ಯಾ?"

"ಇಲ್ಲ ಸಾರ್. ಮ್ಯಾನೇಜರ್ ಸಾಹೇಬ್ರು ಹೇಳಿದ್ರು ಅಂತ ಬೆಳಿಗ್ಗೆ ಅಚ್ಚಿನ ಹೀಟರ್ ಹಾಕಿದ್ದೆ. ಮೇಡಂ ಬಂದು ಬೈದು ಆರಿಸಿಬಿಟ್ರು."

*

ಪ್ರಯೋಗಶಾಲೆಯಲ್ಲಿ ಎಂಜಿನಿಯರ್ ಎರಡು ಎಕ್ಸ್‌ರೇ ಚಿತ್ರ ಹರಡಿದಳು.

"ತಗಡು ಉರುಳೆಗಳ ನಡುವೆ ಹಾಯೋವಾಗ ಒಳಗಿನ ಹರಳುಗಳು ಜೋಡಿಸಿಟ್ಟ ತಟ್ಟೆಗಳ ಹಾಗೆ ಮಲಗಿಬಿಡ್ತವೆ. ತಣ್ಣಗೆ ಮಡಚಿದ್ರೆ ಸೀಳುತ್ತೆ, ಬಿಸಿ ಮಾಡಿದ್ರೆ ಬಗ್ಗುತ್ತೆ. ನಾನು ಮೆಗ್ನೀಸಿಯಂಗೆ ಸತುವಿನ ಜೊತೆ ಸೀರಿಯಂ ಅನ್ನೋ ಲೋಹ ಚಿಟಿಕೆಯಷ್ಟು ಬೆರೆಸಿದೆ. ಹರಳುಗಳು ಆ ಕಡೆ ಈ ಕಡೆ ಓರೆಯಾದವು. ಬಿಸಿನೇ ಬೇಡ."

"ಸೀಳಿದ್ದರಲ್ಲಿ?"

"ಎಲ್ಲಾ ಸಪಾಟಾಗಿ ಮಲಗಿವೆ. ಮಾಮೂಲಿ ತಗಡು ಸಾರ್."

"ಇಲ್ಲಾಂದ್ರೆ, ನೀವು ಹೇಳ್ತಿರೋದೇ ಸುಳ್ಳು."

"ಭಾವನೂ ಹಾಗೇ ಅಂತಾರೆ." ಅವಳು ಚಿತ್ರಗಳನ್ನು ಒಟ್ಟುಮಾಡಿದಳು. "ನಾನು ಮಾಡಿದ್ರಲ್ಲಿ ಉಳಿದಿದ್ದು ಅದೊಂದೇ ತಗಡು. ಸಿಗದಿದ್ರೆ ಲೋಕಕ್ಕೆಲ್ಲ ನಾನು ಮೋಸಗಾರ್ತಿ."

ಇನ್ಸ್‌ಪೆಕ್ಟರನಿಗೆ ಅಯ್ಯೋ ಅನ್ನಿಸಿತು. ಅವನಿಗೆ ಹಾಗನ್ನಿಸುವುದು ಅಪರೂಪ.

*

ಎಲ್ಲರನ್ನೂ ಪ್ರೆಸ್ಸಿನ ಬಳಿ ಕರೆಸಿದ. ಸೂಟುಧಾರಿಗಳೂ ಬಂದರು.

"ಹಿಂದಿನ ಪರೀಕ್ಷೆಗಳಲ್ಲಿ ಹೀಟರ್ ಹಾಕಿದ್ರಾ?"

"ಛೆ ಛೆ! ನಾನೇ ನಿಂತು ನೋಡಿದ್ದೀನಿ," ಮ್ಯಾನೇಜರ್ ಎದೆಯುಬ್ಬಿಸಿದ. "ತಣ್ಣಗೆ ಮಡಚೋದೇ ಅದರ ಹೆಚ್ಚುಗಾರಿಕೆ."

"ಮತ್ತೆ ಇವತ್ತು ಯಾಕೆ ಹಾಕಿಸಿದ್ರಿ?"

ಮ್ಯಾನೇಜರ್ ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

"ನಾನೇ ಹೇಳ್ತೀನಿ. ಬೇರೆ ಕಂಪನಿಗೆ ಮಾರೋಕೆ ತಗಡು ಕದ್ರಿ. ಆ ಜಾಗದಲ್ಲಿ ಮಾಮೂಲಿ ತಗಡು ಇಟ್ರಿ. ಅಚ್ಚು ಬಿಸಿ ಇದ್ರೆ ಅದೂ ಬಗ್ಗುತ್ತೆ, ಯಾರಿಗೂ ಗೊತ್ತಾಗಲ್ಲ. ಹೀಟರ್ ಬೇಕು ಅಂತ ಮೊದಲೇ ಗೊತ್ತಿದ್ದಿದ್ದು ಬದಲಾಯಿಸಿದವನಿಗೆ ಮಾತ್ರ. ಇವರು ಹೀಟರ್ ಆರಿಸಿದ್ರು, ನಿಮ್ಮ ಬಣ್ಣ ಬಯಲಾಯ್ತು. ತಗಡು ಸೀಳಿದ ಕೂಡಲೇ ತಪ್ಪನ್ನ ನಾದಿನಿ ತಲೆಗೆ ಕಟ್ಟಿದ್ರಿ. ಥೂ! ಕಳ್ಳರನ್ನ ಬಹಳ ನೋಡಿದ್ದೀನಿ, ಇಷ್ಟು ಹೇಸಿಗೆಯವನನ್ನ ನೋಡಿರಲಿಲ್ಲ."

"ಬರೀ ಊಹೆ!" ಮ್ಯಾನೇಜರ್ ಕಿರುಚಿದ. "ತಗಡು ಎಲ್ಲಿದೆ, ತೋರಿಸಿ!"

ಇನ್ಸ್‌ಪೆಕ್ಟರ್ ಎಂಜಿನಿಯರ್ ಕಡೆ ತಿರುಗಿದ. "ಇನ್ನೂ ಮನೆಯಲ್ಲೇ ಇರಬೇಕು, ನಿಮ್ಮ ಅಕ್ಕನಿಗೆ ಫೋನ್ ಮಾಡಮ್ಮ. ಎಲ್ಲರಿಗೂ ಕೇಳಿಸಲಿ."

ಅವಳು ಫೋನಿನ ಸ್ಪೀಕರ್ ಹಾಕಿದಳು. "ಅಕ್ಕಾ, ಭಾವ ಮನೆಗೆ ತಗಡೇನಾದ್ರೂ ತಂದಿದ್ದಾರಾ?"

"ಮಂಚದ ಕೆಳಗೆ ತುರುಕಿದ್ದಾರೆ ಕಣೇ. ಗುಡಿಸೋಕೂ ಆಗಲ್ಲ. ಸಿಟ್ಟು ಬಂದು ಎಳೆದು ಕಾಲಲ್ಲಿ ತುಳಿದೆ. ಮೂಲೆ ಪೂರ್ತಿ ಮಡಚಿಹೋಯ್ತು."

ಎಂಜಿನಿಯರ್ ಉಸಿರು ಹಿಡಿದಳು. "ಸೀಳಿತಾ ಅಕ್ಕಾ?"

"ಇಲ್ವೇ, ಒಂದು ಬಿರುಕೂ ಇಲ್ಲ. ನಿಮ್ಮ ಭಾವಂಗೆ ಮಾತ್ರ ಹೇಳ್ಬೇಡ, ಕೂಗಾಡ್ತಾರೆ."

ಎಂಜಿನಿಯರ್ ಕಣ್ಣೊರೆಸಿಕೊಂಡು ಭಾವನ ಮುಖ ನೋಡಿದಳು.

"ಇಲ್ಲೇ ಇದ್ದಾರೆ ಅಕ್ಕಾ. ಕೇಳಿಸ್ಕೊಂಡ್ರು."