ಕಂಡಿಕಿ ಸುತ್ತುವವರ ಅರ್ಜಿ

ಕಾಂಚನಾ ರಾಟಿ ತಿರುವಿ, ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕಿಗೆ ನೂಲು ಸುತ್ತುತ್ತಿದ್ದಳು. ಜಮಖಂಡಿಯ ವಕೀಲ ದುಂಡೇಶ ಬಾಗಿಲಲ್ಲಿ ಬಂದು ನಿಂತ. ಬಸ್ಸಿನ ಗದ್ದಲದಲ್ಲಿ ಅಂಗಿ ಮುದುಡಿತ್ತು. ಕಣ್ಣು ಮಾತ್ರ ಅವಳ ಬೆರಳ ಮೇಲೇ.

"ಅರ್ಜಿ ಕಳಸಿದ್ರ್ಯಾ?"

"ಒಂದು ಸಣ್ಣ ತಿದ್ದುಪಡಿ ಐತ್ರಿ."

ನೂಲು ಪಟ್ಟನೆ ಹರಿಯಿತು.

"ಹೋದ ಸಲಾನೂ ಅದನ್ನ ಅಂದ್ರಿ. ಒಳಗ ಅವ್ವ ಕೆಮ್ಮೋದು ಕೇಳಸ್ತೈತೇನ್ರಿ?"

ಕೇಳಿಸುತ್ತಿತ್ತು. ಗಂಡ ಸತ್ತ ಮೇಲೆ ಓಣಿಯ ಮಗ್ಗಗಳಿಗೆಲ್ಲ ಕಂಡಿಕಿ ಸುತ್ತಿ, ಅರಳೆಯ ಧೂಳು ನುಂಗಿ ನುಂಗಿ ಅವಳವ್ವ ಮುತ್ತವ್ವನ ಎದೆ ಸೋತಿತ್ತು. ಗಂಡನ ಕಾಲದ ನೇಕಾರರ ಆರೋಗ್ಯ ಕಾರ್ಡು ಹಿಡಿದು ದವಾಖಾನೆಗೆ ಹೋದಾಗ ಕೌಂಟರಿನವನು ಏನು ಕೆಲಸ ಎಂದು ಕೇಳಿದ. ಬನಹಟ್ಟಿಯ ಹೆಂಗಸರೆಲ್ಲ ಹೇಳುವುದನ್ನೇ ಮುತ್ತವ್ವನೂ ಹೇಳಿದಳು: "ಏನಿಲ್ರೀ ಯಪ್ಪಾ, ಮನ್ಯಾಗ ಇರತೇನಿ." ಮಗ್ಗಕ್ಕೆ ಕೂತವನಷ್ಟೇ ನೇಕಾರ, ನಸುಕಿನಿಂದ ಅವನಿಗೆ ಕಂಡಿಕಿ ಸುತ್ತಿ ಕೊಡುವವಳು ಯಾರೂ ಅಲ್ಲ. "ನೇಕಾರರಿಗಷ್ಟ ಈ ಕಾರ್ಡು," ಎಂದು ಹೊರಗೆ ಹಾಕಿದರು.

ಕಂಡಿಕಿ ಸುತ್ತುವವರನ್ನೂ ನೇಕಾರರೆಂದು ಎಣಿಸಬೇಕೆಂದು ಬಾಗಲಕೋಟೆಯ ಕಚೇರಿಗೆ ಬರೆಸಿ, ಓಣಿಯ ಹೆಂಗಸರೆಲ್ಲ ಸಹಿ ಮಾಡಿಕೊಟ್ಟ ಅರ್ಜಿ ದೀಪಾವಳಿಯಿಂದ ದುಂಡೇಶನ ಚೀಲದಲ್ಲೇ ಕೂತಿತ್ತು.

"ಖರೆ ಹೇಳ್ರಿ. ದವಾಖಾನಿಯವರಿಗಿ ಅಂಜೀರೇನು?"

"ಅವರಿಗಲ್ಲ." ಅವನ ಕಿವಿ ಕೆಂಪಾದವು. "ಇದು ಹೋತಂದ್ರ ನನಗ ಈ ಮನಿಗಿ ಬರಾಕ ನೆವ ಎಲ್ಲೈತ್ರಿ?"

ಅವನು ಬರುವ ದಿನ ತಾನೂ ಎರಡೆರಡು ಸಲ ಕನ್ನಡಿ ನೋಡಿದ್ದು ನೆನಪಾಗಿ ಕಾಂಚನಾಳ ಸಿಟ್ಟು ಇಮ್ಮಡಿಯಾಯಿತು.

"ನೀವು ನನ್ನ ಮಾರಿ ನೋಡಾಕ ನಮ್ಮವ್ವ ಉಸರು ಕಟ್ಟಿ ಸಾಯಬೇಕೇನ್ರಿ?"

"ತಪ್ಪಾತ್ರಿ."

"ತಪ್ಪಾತಂದ್ರ ಉಸರು ಬರ್ತೈತ್ಯಾ? ಏಳ್ರಿ, ನಡೀರಿ ಪೋಸ್ಟಿಗಿ!"

ಒಳಗಿನಿಂದ ಮುತ್ತವ್ವ ಕೂಗಿದಳು. "ವಕೀಲರು ಬಂದಾರೇನ್ ಬೇ? ಛಾ ಮಾಡು."

"ಇವತ್ತ ಇವರಿಗಿ ಛಾ ಇಲ್ಲಬೇ!"

ಮಗ್ಗಗಳ ಸದ್ದಿನ ನಡುವೆ ಅವಳು ಮುಂದೆ, ಕರಿ ಕೋಟು ಹಿಂದೆ. ಅಂಚೆ ಕಚೇರಿಯ ಕಟ್ಟೆಯ ಮೇಲೆ ಅರ್ಜಿ ಬಿಚ್ಚಿಸಿದಳು.

"ಅವ್ವನ ಹೆಸರಿನ ಮುಂದ ಉದ್ಯೋಗ ಏನಂತ ಬರದೀರಿ?"

"ನೇಕಾರಳು. ಎಲ್ಲಾರ ಮುಂದೂ ಹಂಗ ಬರದೇನಿ."

ಅವಳು ಓದಿ ನೋಡಿದಳು. ಒಂದು ಅಕ್ಷರವೂ ತಿದ್ದುವಂತಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಇನ್ನ ನೆವ ಇಲ್ದನ ಬಂದ್ರ ನಡೀತೈತ್ರ್ಯಾ?" ಅವನ ದನಿ ಸಣ್ಣದಾಗಿತ್ತು.

"ಮೊದಲ ಅವ್ವನ್ನ ದವಾಖಾನ್ಯಾಗ ಮಲಗಸ್ರಿ." ಅವಳು ಲಕೋಟೆಗೆ ಗೋಂದು ಬಳಿದು ಮುಷ್ಟಿಯಿಂದ ಗುದ್ದಿದಳು. "ಆಮ್ಯಾಗ ಬರೂದಾದ್ರ ಹಿರ್ಯಾರ್ನ ಕರಕೊಂಡು ಬರ್ರಿ."

ದುಂಡೇಶ ತಟ್ಟನೆ ಅವಳ ಮುಖ ನೋಡಿದ. ಕಾಂಚನಾ ಅವನತ್ತ ನೋಡಲೇ ಇಲ್ಲ. ಲಕೋಟೆಯನ್ನು ಕಿಟಕಿಯಲ್ಲಿ ಕೊಟ್ಟು, ಒಳಗಿನವನು ಮುದ್ರೆ ಒತ್ತಿ ಬಾಗಲಕೋಟೆಯ ಚೀಲಕ್ಕೆ ಹಾಕುವ ತನಕ ಕಣ್ಣು ಕೀಳಲಿಲ್ಲ.