ಬಾಗಿಲ ಸಂದಿನ ಕಣಜದ ಗೂಡು

ಬೆಳಿಗ್ಗೆ ಏಳಕ್ಕೆ ಸೀಗಡಿ ಕೊಳದ ಪಂಪ್ ಮನೆಯಲ್ಲಿ ಪಂಪ್ ನೋಡಿಕೊಳ್ಳುತ್ತಿದ್ದ ಎಲೆಯುತೇರಿಯೊ ಕಿಮಿಯ ಹೆಣ ಸಿಕ್ಕಿತು. ಬಲ ಅಂಗೈ ಸುಟ್ಟಿತ್ತು. ಜೇಬಿನಲ್ಲಿ ಇನ್ನೂ ತಿನ್ನದ ಬಾಳೆಕಾಯಿ ಉಂಡೆ. ಪಕ್ಕದ ಗೋಡೆಯಲ್ಲಿ ಕಬ್ಬಿಣದ ಕರೆಂಟ್ ಪೆಟ್ಟಿಗೆ, ಅದರ ಬಾಗಿಲಿಗೆ ಬೀಗ.

ಮಚಾಲ ಪಟ್ಟಣದಿಂದ ಇನ್‌ಸ್ಪೆಕ್ಟರ್ ಯಾದಿರಾ ಪಿಂಕೈ ಬಂದರು. ಹೇಳಿಕೆ ಬರೆದುಕೊಳ್ಳಲು ಪೇದೆಯಾದ ನಾನೂ ಜೊತೆಗಿದ್ದೆ.

ಮ್ಯಾನೇಜರ್ ಫೌಸ್ತೊ ಲಿಂದಾವೊ ಕೇಳುವ ಮೊದಲೇ ಶುರುಮಾಡಿದ.

"ಮೇಡಂ, ಇದು ಅವನ ಮಗಳು ನೆಲ್ಲಿ ಮಾಡಿದ ಅವಾಂತರ. ದೊಡ್ಡ ಎಲೆಕ್ಟ್ರಿಷಿಯನ್ ಅಂತೆ! ಪೆಟ್ಟಿಗೆ ಬಿಸಿ ಆಗುತ್ತೆ ಅಂತ ತೂತು ಕೊರೆದಳು. ಥಂಡಿ ಒಳಗೆ ಹೋಯ್ತು. ನಾನು ಅಂಟು ಬಳಿಸಿ ಮುಚ್ಚಿಸಿದೆ, ಅಷ್ಟರಲ್ಲಿ ಒಳಗೆಲ್ಲ ಹಾಳಾಗಿತ್ತು."

"ಬಾಗಿಲು?"

"ಯಾವಾಗ್ಲೂ ಬೀಗ. ಬೀಗದ ಕೈ ನನ್ನ ಹತ್ರ ಮಾತ್ರ."

ನೆಲ್ಲಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

"ನಮ್ಮಪ್ಪನ್ನ ನಾನೇ ಕೊಂದೆನಾ ಮೇಡಂ?"

"ನೀನು ಏನು ಮಾಡಿದ್ದೆ ಹೇಳಮ್ಮ."

"ಪೂರ್ತಿ ಮುಚ್ಚಿದ ಪೆಟ್ಟಿಗೆ ಒಳಗೇ ಬೆವರುತ್ತೆ. ಆ ನೀರು ಇಳಿಯೋಕೆ ಕೆಳಗೊಂದು ತೂತು, ಬಿಸಿ ಹೋಗೋಕೆ ಮೇಲೊಂದು. ಎರಡಕ್ಕೂ ಫಿಲ್ಟರ್ ಕೊಟ್ಟು, ಮಳೆಗೆ ತಗಡು ಅಡ್ಡ ಇಟ್ಟಿದ್ದೆ."

* * *

ಕರೆಂಟ್ ತೆಗೆಸಿ ಪೆಟ್ಟಿಗೆ ಬಿಚ್ಚಿಸಿದರು. ಫಿಲ್ಟರ್‌ಗಳಲ್ಲಿ ಉಪ್ಪಿನ ಒಂದು ಹರಳೂ ಇರಲಿಲ್ಲ. ಒಳಗಿನ ತಂತಿಗಳ ಬಾಗಿಲ ಕಡೆಗಿನ ಮುಂಭಾಗ ಮಾತ್ರ ಉಪ್ಪಿನಿಂದ ಬೆಳ್ಳಗಾಗಿತ್ತು. ಅರ್ತ್ ತಂತಿ ಹಸಿರುಗಟ್ಟಿ ಕಡಿದುಹೋಗಿತ್ತು.

ಪಿಂಕೈ ಬಾಗಿಲ ಕೀಲಿನ ಸಂದಿಗೆ ಟಾರ್ಚ್ ಬಿಟ್ಟರು. ಕಣಜದ ಮಣ್ಣಿನ ಗೂಡೊಂದು ಅಲ್ಲಿ ಜಜ್ಜಿಹೋಗಿತ್ತು. ಒಳಗೆ ಒಂದು ಬಿಳಿ ಹುಳು ಇನ್ನೂ ಮಿಸುಕುತ್ತಿತ್ತು.

"ಲಿಂದಾವೊ, ಕಣಜ ಗೂಡು ಕಟ್ಟಿ ಮರಿ ಮಾಡೋಕೆ ಎಷ್ಟು ದಿನ ಬೇಕು?"

ಉತ್ತರವನ್ನೂ ಅವರೇ ಕೊಟ್ಟರು:

"ವಾರವಾದ್ರೂ ಬೇಕು. ಮುಚ್ಚಿದ ಬಾಗಿಲ ಸಂದಿಯಲ್ಲಿ ಅದು ಗೂಡು ಕಟ್ಟಲ್ಲ. ಈ ಬಾಗಿಲು ಇಷ್ಟು ದಿನ ಹಾರುಹೊಡೆದೇ ಇತ್ತು. ಇವತ್ತು ಬೆಳಿಗ್ಗೆ ಯಾರೋ ಮುಚ್ಚಿದ್ದಾರೆ, ಅದಕ್ಕೇ ಹುಳು ಇನ್ನೂ ಬದುಕಿದೆ. ಬೀಗದ ಕೈ ನಿಮ್ಮ ಹತ್ರ ಮಾತ್ರ ಅಂದ್ರಿ."

ಅವನ ಕೋಣೆಯಲ್ಲಿ, ಸೀಗಡಿ ಮೇವಿನ ಮೂಟೆಗಳ ಹಿಂದೆ ನನಗೊಂದು ಟೇಬಲ್ ಫ್ಯಾನ್ ಸಿಕ್ಕಿತು. ರೆಕ್ಕೆಗಳ ಮೇಲೆ ಉಪ್ಪು ಹೆಪ್ಪುಗಟ್ಟಿತ್ತು.

ನನಗೆ ನಾಚಿಕೆಯಾಯಿತು. ನಮ್ಮ ಕರಾವಳಿಯಲ್ಲಿ ಎಲ್ಲರೂ ಮಾಡುವುದೇ ಇದು. ಪೆಟ್ಟಿಗೆ ಕಾದು ಪಂಪ್ ನಿಂತರೆ ಬಾಗಿಲು ತೆರೆದು ಎದುರಿಗೆ ಫ್ಯಾನ್ ಇಡುತ್ತೇವೆ. ನನ್ನ ಭಾವನ ಐಸ್ ಕಾರ್ಖಾನೆಯಲ್ಲಿ ನಾನೇ ಇಟ್ಟುಕೊಟ್ಟಿದ್ದೆ.

ಪಿಂಕೈ ಬಿಡಿಸಿ ಹೇಳಿದರು. ತೂತು ಮುಚ್ಚಿದ್ದರಿಂದ ಪೆಟ್ಟಿಗೆ ಕಾಯಿತು. ಕಾದದ್ದಕ್ಕೆ ಲಿಂದಾವೊ ಬಾಗಿಲು ತೆರೆಸಿ ಫ್ಯಾನ್ ಹಚ್ಚಿಸಿದ. ಫ್ಯಾನ್ ಕೊಳದ ಉಪ್ಪುಗಾಳಿಯನ್ನು ನೇರ ಒಳಗೆ ಊದಿತು. ಹಸಿ ಉಪ್ಪಿನ ಮೇಲೆ ಹರಿದ ಕರೆಂಟ್ ಪೆಟ್ಟಿಗೆಯ ಕಬ್ಬಿಣಕ್ಕೆ ಬಂದು, ಅರ್ತ್ ಇಲ್ಲದೆ ಅಲ್ಲೇ ನಿಂತಿತು, ಮುಟ್ಟಿದ ಕಿಮಿ ಸತ್ತ. ಹೆಣ ಕಂಡ ಲಿಂದಾವೊ ಫ್ಯಾನ್ ಬಚ್ಚಿಟ್ಟು, ಬೀಗ ಜಡಿದು, ತಪ್ಪನ್ನು ಮಗಳ ತಲೆಗೆ ಕಟ್ಟಿದ.

"ಸಾಯಲಿ ಅಂತ ಮಾಡಿದ್ದಲ್ಲ ಮೇಡಂ," ಅಂದ ಲಿಂದಾವೊ.

"ಅವನು ಸತ್ತ ಮೇಲೆ ಮಾಡಿದ್ದು?"

ನಾನು ಅವನಿಗೆ ಕೈಕೋಳ ಹಾಕಿದೆ.

* * *

"ನಿನ್ನ ತಪ್ಪಿಲ್ಲ ಕಣಮ್ಮ," ಎಂದರು ಪಿಂಕೈ. "ನಿನ್ನ ತೂತು ಹಾಗೇ ಬಿಟ್ಟಿದ್ರೆ ನಿಮ್ಮಪ್ಪ ಇರ್ತಿದ್ರು."

ನೆಲ್ಲಿ ಆಗ ಅತ್ತಳು. ಬಹಳ ಹೊತ್ತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಕೇಳಿದಳು:

"ಉಳಿದ ಕೊಳಗಳ ಪೆಟ್ಟಿಗೆಯಲ್ಲಿ ನಾನು ಕೊರೆದ ತೂತುಗಳಿಗೂ ಆ ಮ್ಯಾನೇಜರ್ ಅಂಟು ಬಳಿಸಿದ್ದಾನಾ?"

"ಎಂಟಕ್ಕೂ," ಎಂದೆ ನಾನು; ಲಿಂದಾವೊನ ಹೇಳಿಕೆಯಲ್ಲಿ ಅದನ್ನೂ ಬರೆದುಕೊಂಡಿದ್ದೆ.

"ಎಲ್ಲದರ ಕರೆಂಟ್ ತೆಗೆಸಿ. ಅಲ್ಲೂ ಜನ ಇದ್ದಾರೆ."

ಅಂಟು ಕೆರೆದು ತೆಗೆಯಲು ಅಪ್ಪನ ಚೀಲದಿಂದ ಚಾಕು ತೆಗೆದುಕೊಂಡು ಅವಳು ಎರಡನೇ ಕೊಳದ ಕಡೆ ನಡೆದಳು.